ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ, ಗಂಟೆಗೆ ಎಷ್ಟು ಅಂತ ಕೇಳಿ

ಜೂನ್ ತಿಂಗಳು ಬಂತೆಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಾದ ನಮಗೆ ಮಳೆಗಿಂತ ದೊಡ್ಡ ಚಿಂತೆ ಒಂದಿರುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಕೆ. ಅಂದು ಬೆಂಚಿನಲ್ಲಿ ಕೂತ ಮಕ್ಕಳೆಷ್ಟೋ ಅಷ್ಟರ ಮೇಲೆ ಆ ವರ್ಷದ ಡಿವಿಜನ್ನು, ಡಿವಿಜನ್ನಿನ ಮೇಲೆ ಹುದ್ದೆ. ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ ಹೋಗಬಹುದು, ಅದರ ಹಿಂದೆಯೇ ಒಂದು ಕನ್ನಡ ಅಧ್ಯಾಪಕರ ಹುದ್ದೆ ಹೋಗಬಹುದು. ಹಾಗಾಗಿ ಜೂನ್ ಮೊದಲ ವಾರದಲ್ಲಿ ಯಾರಾದರೂ ಪೋಷಕರು ಆಫೀಸಿನ ಬಾಗಿಲಲ್ಲಿ ನಿಂತು "ಮಾಷ್ಟ್ರೇ, ಒಂದು ಟಿ.ಸಿ. ಬೇಕಿತ್ತು" ಅಂದರೆ ನಮ್ಮ ಎದೆ ಧಸಕ್ ಎನ್ನುತ್ತದೆ.

ಈಚೆಗೆ ಹಾಗೆ ನಿಂತ ಒಬ್ಬ ತಂದೆಯನ್ನು ಕೂರಿಸಿ ಕಾರಣ ಕೇಳಿದೆವು. ಸಿಟ್ಟಿಲ್ಲ, ದೂರಿಲ್ಲ, ಶಾಲೆಯ ಮೇಲೆ ಪ್ರೀತಿಯೇ ಇದ್ದ ಮನುಷ್ಯ. ಸ್ವತಃ ನಮ್ಮಲ್ಲೇ ಏಳನೇ ತರಗತಿವರೆಗೆ ಓದಿದವರು. ಅವರು ಹೇಳಿದ್ದು ಇಷ್ಟೇ. "ಆಚೆ ಮನೆಯವರ ಮಗನಿಗೆ ಬೆಂಗಳೂರಲ್ಲಿ ಹನ್ನೆರಡು ಲಕ್ಷದ ಪ್ಯಾಕೇಜ್ ಅಂತೆ. ನಮ್ಮವಳಿಗೂ ಅಂಥದ್ದು ಸಿಗಬೇಕಾದರೆ ಈಗಲೇ ಇಂಗ್ಲಿಷ್ ಮೀಡಿಯಂಗೆ ಹಾಕಬೇಕಲ್ಲವಾ?" ಹುಡುಗಿಗೆ ಇನ್ನೂ ಎಂಟು ವರ್ಷ! ಅವಳ ಮೂರನೇ ತರಗತಿಯನ್ನು ನಿರ್ಧರಿಸಿದ್ದು ಅವಳು ನೋಡದ ಊರಿನ, ನೋಡದ ಕಂಪೆನಿಯ, ನೋಡದ ಒಂದು ಸಂಬಳ.

ಪ್ಯಾಕೇಜ್! ಈ ಪದದ ಮೇಲೆ ನಮಗೆ ಒಂದಿಷ್ಟು ಮಾತಾಡಲಿಕ್ಕುಂಟು. ಮದುವೆ ಮನೆಯಲ್ಲಿ, ದೇವಸ್ಥಾನದ ಅನ್ನಸಂತರ್ಪಣೆಯ ಸಾಲಿನಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಕೇಳುವುದು ಇದೇ. "ಮಗ ಎಲ್ಲಿದ್ದಾನೆ?" ಮುಗಿಯುವ ಮೊದಲೇ "ಎಷ್ಟು ಪ್ಯಾಕೇಜು?" ಅವನು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ, ಊಟ ಎಲ್ಲಿ, ನಿದ್ದೆ ಬರುತ್ತದಾ, ಮುಂದಿನ ವರ್ಷವೂ ಆ ಕೆಲಸ ಇರುತ್ತದಾ ಅಂತ ಕೇಳಿದವರನ್ನು ನಾವಂತೂ ಕಂಡಿಲ್ಲ.

ಹಾಗಾದರೆ ಹನ್ನೆರಡು ಲಕ್ಷ ಅಂದರೆ ಎಷ್ಟು? ಲೆಕ್ಕ ಮಾಡಿಯೇ ಬಿಡೋಣ. ನಾವು ಲೆಕ್ಕದ ಮಾಷ್ಟ್ರುಗಳೂ ಹೌದಲ್ಲ.

ಪ್ಯಾಕೇಜ್ ಎಂದರೆ ಕೈಗೆ ಬರುವ ಸಂಬಳ ಅಲ್ಲ. ಆ ನೌಕರನಿಗಾಗಿ ಕಂಪೆನಿ ವರ್ಷಕ್ಕೆ ಖರ್ಚು ಮಾಡುತ್ತೇನೆ ಎಂದು ಕಾಗದದಲ್ಲಿ ಬರೆದ ಮೊತ್ತ. ಒಂದು ಉದಾಹರಣೆಗೆ, ಅದರಲ್ಲಿ ಹತ್ತರಲ್ಲಿ ಒಂದು ಪಾಲು 'ವೇರಿಯಬಲ್' ಅಂತ ಇಟ್ಟುಕೊಳ್ಳಿ. ಕಂಪೆನಿಗೂ ನಿಮಗೂ ಆ ವರ್ಷ ಚೆನ್ನಾಗಿದ್ದರೆ ಬರುವುದು, ಇಲ್ಲದಿದ್ದರೆ ಇಲ್ಲ. 1 ಲಕ್ಷ 20 ಸಾವಿರ ಅಲ್ಲಿಗೆ ಹೋಯಿತು. ಮೂಲವೇತನ ಅರ್ಧ ಅಂದರೆ 6 ಲಕ್ಷ. ಅದರ ಮೇಲೆ ಕಂಪೆನಿಯ ಪಾಲಿನ ಪಿ.ಎಫ್. ಶೇ. 12, ಗ್ರಾಚ್ಯುಟಿಗೆಂದು ಎತ್ತಿಟ್ಟದ್ದು, ಎರಡೂ ಸೇರಿ ಸುಮಾರು 1 ಲಕ್ಷ. ಇದನ್ನೂ ಪ್ಯಾಕೇಜಿನೊಳಗೇ ಸೇರಿಸಿರುತ್ತಾರೆ. ಇನ್ನು ಅವನ ಸ್ವಂತ ಪಾಲಿನ ಪಿ.ಎಫ್. 72 ಸಾವಿರ. ಪಿ.ಎಫ್. ಅವನದೇ ದುಡ್ಡು, ಸುಳ್ಳಲ್ಲ. ಆದರೆ ಜೀನಸಿ ಅಂಗಡಿಗೆ ಕೊಡಲಿಕ್ಕೆ ಸಿಗುವ ದುಡ್ಡಲ್ಲ. ಎಲ್ಲ ಕಳೆದರೆ ತಿಂಗಳಿಗೆ ಕೈಗೆ ಬರುವುದು 75 ಸಾವಿರದ ಆಸುಪಾಸು.

ಇರಲಿ, 75 ಸಾವಿರವೂ ಸಣ್ಣ ಮೊತ್ತವಲ್ಲ. ಈಗ ಗಂಟೆ ಲೆಕ್ಕ. ಆಫೀಸಿನಲ್ಲಿ ಹತ್ತು ಗಂಟೆ, ಬೆಂಗಳೂರಿನ ರಸ್ತೆಯಲ್ಲಿ ಹೋಗಲಿಕ್ಕೂ ಬರಲಿಕ್ಕೂ ಎರಡೂವರೆ ಗಂಟೆ. ಇದು ಹೆಚ್ಚಾಯಿತು ಅನ್ನುವವರು ಹೊರವರ್ತುಲ ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡಿ. ದಿನಕ್ಕೆ ಹನ್ನೆರಡೂವರೆ ಗಂಟೆಯಂತೆ ತಿಂಗಳ 22 ದಿನಕ್ಕೆ 275 ಗಂಟೆ. 75 ಸಾವಿರವನ್ನು 275ರಿಂದ ಭಾಗಿಸಿದರೆ ಗಂಟೆಗೆ 273 ರೂಪಾಯಿ. ಮನೆ ಬಾಡಿಗೆ 25 ಸಾವಿರ ಕಳೆದ ಮೇಲೆ ಭಾಗಿಸಿದರೆ ಗಂಟೆಗೆ 182 ರೂಪಾಯಿ.

ಈಗ ನಮ್ಮದು. ಕೇರಳದಲ್ಲಿ 2019ರ ಜುಲೈಯಿಂದ ಅನ್ವಯಿಸಿ ಕೊಟ್ಟ ವೇತನ ಪರಿಷ್ಕರಣೆಯಲ್ಲಿ ಎಲ್.ಪಿ., ಯು.ಪಿ. ಅಧ್ಯಾಪಕರ ಆರಂಭದ ಮೂಲವೇತನ 35,600 ರೂಪಾಯಿ. ತುಟ್ಟಿಭತ್ತೆ, ಕಡಿತ ಎರಡನ್ನೂ ಬದಿಗಿಡೋಣ. ಪುಸ್ತಕ ತಿದ್ದುವುದು, ಪಾಠಯೋಜನೆ, ಮಧ್ಯಾಹ್ನದ ಊಟದ ಲೆಕ್ಕ ಎಲ್ಲ ಸೇರಿಸಿ ದಿನಕ್ಕೆ ಎಂಟು ಗಂಟೆ ಅಂತ ಹಿಡಿದರೆ ತಿಂಗಳಿಗೆ 176 ಗಂಟೆ. ಗಂಟೆಗೆ 202 ರೂಪಾಯಿ. ಸ್ವಂತ ಊರು, ಸ್ವಂತ ಮನೆ, ಬಾವಿಯ ನೀರು.

ಈ ಲೆಕ್ಕ ಹೇಳಿದ್ದು "ನಾವೇ ಗೆದ್ದೆವು" ಅನ್ನಲಿಕ್ಕಲ್ಲ. ಹತ್ತು ವರ್ಷದಲ್ಲಿ ಅವನ ಸಂಬಳ ಎರಡು ಪಟ್ಟೋ ಮೂರು ಪಟ್ಟೋ ಆಗಬಹುದು, ನಮ್ಮದು ಆಗುವುದಿಲ್ಲ. ಗೊತ್ತುಂಟು. ಆದರೆ ವರ್ಷಕ್ಕೆ ಇಷ್ಟು ಲಕ್ಷ ಎಂದು ಕೇಳುವಾಗ ಆನೆಯಷ್ಟು ದೊಡ್ಡದಾಗಿ ಕಂಡದ್ದು ಗಂಟೆಗೆ ಇಷ್ಟು ಎಂದು ಕೇಳುವಾಗ ಎಷ್ಟು ಸಣ್ಣದಾಯಿತು ನೋಡಿ! ಅದೂ ಹನ್ನೆರಡು ಲಕ್ಷದ್ದು. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪೆನಿಗಳು ಹೊಸಬರಿಗೆ ಸಾಮಾನ್ಯವಾಗಿ ಕೊಡುವ ಸಂಬಳ ವರ್ಷಕ್ಕೆ ಮೂರಕ್ಕೂ ನಾಲ್ಕಕ್ಕೂ ನಡುವಿನ ಲಕ್ಷದಲ್ಲಿ ಹದಿನೈದು ವರ್ಷಗಳಿಂದ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. ಆ ಹದಿನೈದು ವರ್ಷಗಳಲ್ಲಿ ಅಕ್ಕಿ, ಬಾಡಿಗೆ, ಬಸ್ ಟಿಕೇಟು ಯಾವುದೂ ಅಲ್ಲೇ ನಿಂತಿಲ್ಲ. ಅನ್ನಸಂತರ್ಪಣೆಯ ಸಾಲಿನಲ್ಲಿ ಈ ಮೂರೂವರೆ ಲಕ್ಷದವನ ಸುದ್ದಿ ಬರುವುದಿಲ್ಲ. ಸುದ್ದಿಯಾಗುವುದು ಮೂವತ್ತು ಲಕ್ಷದವನು ಮಾತ್ರ.

ಇನ್ನು ಭದ್ರತೆಯ ವಿಷಯ. 2022ರ ನವೆಂಬರಿನಲ್ಲಿ ಮೆಟಾ ಕಂಪೆನಿ 11 ಸಾವಿರ ಜನರನ್ನು ಮನೆಗೆ ಕಳಿಸಿತು. 2023ರ ಜನವರಿಯಲ್ಲಿ ಗೂಗಲ್ 12 ಸಾವಿರ ಹುದ್ದೆ ಕಡಿತ ಅಂತ ಸಾರಿತು. ಅದೇ ತಿಂಗಳು ಅಮೆಜಾನ್ 18 ಸಾವಿರ ಅಂದಿತು. ಅದೆಲ್ಲ ಅಮೆರಿಕದ ಕಂಪೆನಿಗಳು, ನಮ್ಮ ದೇಶದವು ಹಾಗಲ್ಲ ಅಂತ ಹೇಳುತ್ತಿದ್ದವರು 2025ರ ಜುಲೈಯಲ್ಲಿ ಸುಮ್ಮನಾದರು. ಟಿ.ಸಿ.ಎಸ್. ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಇದನ್ನು ಗಮನಿಸಿ. ಇಪ್ಪತ್ತೈದರ ಹುಡುಗನಿಗೆ ಕೆಲಸ ಹೋದರೆ ಅವನು ಇನ್ನೊಂದು ಹುಡುಕಿಕೊಂಡಾನು. ನಲವತ್ತೆರಡರಲ್ಲಿ, ಮನೆ ಸಾಲದ ಕಂತು ಅರ್ಧ ಕಟ್ಟಿರುವಾಗ, ಮಗಳು ಹತ್ತನೇ ತರಗತಿಯಲ್ಲಿರುವಾಗ, ಊರಿನ ತೋಟ ಗೇಣಿಗೆ ಕೊಟ್ಟು ಆಗಿರುವಾಗ ಹೋದರೆ?

ನಮ್ಮ ಶಾಲೆಯಲ್ಲಿ ಕಲಿತ ಒಬ್ಬ ಹಾಗೆ ಬಂದಿದ್ದ. ಕಂಪೆನಿ ಯಾವುದು ಅಂತ ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತೆಗೆದುಹಾಕಿದರು ಅಂತ ಕಾಗದದಲ್ಲಿ ಎಲ್ಲೂ ಇಲ್ಲವಂತೆ. "ನೀವೇ ರಾಜೀನಾಮೆ ಬರೆದುಕೊಡಿ, ಇಲ್ಲದಿದ್ದರೆ ಅನುಭವ ಪತ್ರದಲ್ಲಿ ಕೆಟ್ಟದ್ದು ಬರೆಯಬೇಕಾದೀತು" ಎಂದರಂತೆ. ಬರೆದುಕೊಟ್ಟ. ಊರಿಗೆ ಬಂದು ಮೂರು ವಾರ "ಮನೆಯಿಂದಲೇ ಕೆಲಸ" ಅಂತ ಅಪ್ಪ ಅಮ್ಮನಿಗೆ ಸುಳ್ಳು ಹೇಳಿಕೊಂಡು ಲ್ಯಾಪ್‌ಟಾಪ್ ತೆರೆದು ಕೂತಿದ್ದನಂತೆ. ಕೊನೆಗೆ ಒಂದು ಸಂಜೆ ಶಾಲೆಗೆ ಬಂದು ನಮ್ಮ ಹತ್ತಿರ ಹೇಳಿದ. ಅಪ್ಪನಿಗೆ ಹೇಳಲಾಗದ್ದನ್ನು ಮಾಷ್ಟ್ರಿಗೆ ಹೇಳಬೇಕಾಗಿ ಬಂತಲ್ಲ, ಅದು ನಮ್ಮನ್ನು ಕುಕ್ಕಿತು. ಅವನು ಹೆದರಿದ್ದು ಹಸಿವಿಗಲ್ಲ. ಊರಿನವರು ಕೇಳುವ "ಪ್ಯಾಕೇಜ್ ಎಷ್ಟು?" ಎಂಬ ಪ್ರಶ್ನೆಗೆ.

ಓದುಗರೇ, ಕಾಸರಗೋಡಿನವರಾದ ನಮಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕೇ? ನಮ್ಮೂರಿನ ಅದೆಷ್ಟು ಮನೆಗಳ ತಾರಸಿ ಗಲ್ಫಿನ ದುಡ್ಡಿನಲ್ಲಿ ಎದ್ದದ್ದು! 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಬಂದವರು, 2013ರಲ್ಲಿ ಸೌದಿಯ ನಿತಾಕತ್ ಬಿಗಿಯಾದಾಗ ಮರಳಿದವರು, ಎಲ್ಲರೂ ನಮ್ಮ ನೆರೆಕರೆಯವರೇ. ಮರಳುಗಾಡಿನ ಸಂಬಳ ದೊಡ್ಡದು, ಆದರೆ ಅದು ಅಲ್ಲಿನವರ ಮರ್ಜಿಯಲ್ಲಿರುವುದು ಎಂದು ಬಲ್ಲ ಹಿರಿಯರು ಮನೆಯಲ್ಲೇ ಇದ್ದಾರೆ. ಅಡಿಕೆ ಬೆಳೆಯುವವರಿಗಂತೂ ಹೇಳಲೇ ಬೇಡ. ಒಂದು ವರ್ಷದ ಧಾರಣೆ ನಂಬಿ ಸಾಲ ಮಾಡಿದವನ ಗತಿ ಏನು, ಆಷಾಢದ ಮಳೆಯಲ್ಲಿ ಕೊಳೆರೋಗ ಬಂದರೆ ಏನು ಅಂತ ತೋಟದವರಿಗೆ ಗೊತ್ತು. ಹಾಗಿದ್ದೂ ಮಗನ ಪ್ಯಾಕೇಜ್ ಅಂದಾಗ ಆ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೆ?

"ನಿಮಗೇನು ಮಾಷ್ಟ್ರೇ, ನಾಲ್ಕು ಗಂಟೆಗೆ ಬೆಲ್ ಹೊಡೆದರೆ ಮನೆ, ಎರಡು ತಿಂಗಳು ರಜೆ, ಅರುವತ್ತರ ಹತ್ತಿರದವರೆಗೆ ಯಾರೂ ಮುಟ್ಟುವುದಿಲ್ಲ. ಉಪದೇಶ ಸುಲಭ" ಅನ್ನುವವರುಂಟು. ಸರಿ, ನಮ್ಮ ಕಡೆಯ ಕತೆಯನ್ನೂ ಮುಚ್ಚಿಡದೆ ಹೇಳುತ್ತೇವೆ.

ಈ ಕೆಲಸ ಸಿಗುವುದೇ ಒಂದು ಯುಗದ ಮಾತು. ಪಿ.ಎಸ್.ಸಿ. ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಪಟ್ಟಿಯ ಅವಧಿ ಮುಗಿಯುವ ಮೊದಲು ಹುದ್ದೆ ಖಾಲಿಯಾಗಿ, ಅದು ಕನ್ನಡ ಬಲ್ಲವರಿಗೇ ಮೀಸಲಾಗಿ, ಅದಕ್ಕೆ ಕನ್ನಡ ಬಾರದವರು ಬಂದು ಕೂರದೆ ಇದ್ದರೆ ನಮ್ಮ ಹುಡುಗಿಗೆ ಕೆಲಸ. ಅಲ್ಲಿಯವರೆಗೆ ದಿನಗೂಲಿ ಅಧ್ಯಾಪಕಿ. ಮಾರ್ಚಿನಲ್ಲಿ ಬಿಡುಗಡೆ, ಜೂನಿನಲ್ಲಿ ಮತ್ತೆ ಸಂದರ್ಶನ. ಕೆಲವು ಅನುದಾನಿತ ಶಾಲೆಗಳಲ್ಲಿ ಹುದ್ದೆಗೆ ಆಡಳಿತದವರಿಗೆ ಕೊಡಬೇಕಾದ 'ಕೊಡುಗೆ'ಯ ಮಾತು ಎಲ್ಲರಿಗೂ ಗೊತ್ತು, ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪಿಂಚಣಿ ಎನ್ನುತ್ತೀರಿ. 2013ರ ಏಪ್ರಿಲ್ 1ರ ನಂತರ ಕೇರಳದಲ್ಲಿ ಸರಕಾರಿ ಕೆಲಸಕ್ಕೆ ಸೇರಿದವರು ಪಾಲುಗಾರಿಕೆಯ ಪಿಂಚಣಿಗೆ ಬಂದರು. ನಮ್ಮ ಹಿರಿಯರಿಗೆ ಸಿಕ್ಕಿದಂಥ ನಿಶ್ಚಿತ ಪಿಂಚಣಿ ಅದಲ್ಲ. ಈ ಪಾಡು ನೋಡಿದ ಯಾವ ಬುದ್ಧಿವಂತ ಹುಡುಗ ಬೆಂಗಳೂರಿನ ಬಸ್ ಹತ್ತದೆ ಇದ್ದಾನು? ಹೋದವರನ್ನು ನಾವು ಬೈಯುವುದಿಲ್ಲ. ನಮ್ಮ ಮಕ್ಕಳೂ ಹೋಗಿದ್ದಾರೆ.

ಹಾಗಾದರೆ ನಮ್ಮ ತಕರಾರು ಯಾವುದರ ಮೇಲೆ? "ದುಡ್ಡು ಬೇಕಾ, ನೆಮ್ಮದಿ ಬೇಕಾ, ಒಂದನ್ನು ಆರಿಸಿಕೋ" ಎಂಬ ಮಾತಿನ ಮೇಲೆ. ಇದು ದೇವರು ಬರೆದ ನಿಯಮ ಅನ್ನುವ ಹಾಗೆ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಐ.ಟಿ. ಅಂದರೆ ದುಡ್ಡು ಉಂಟು, ಭದ್ರತೆ ಇಲ್ಲ. ಸರಕಾರಿ ಅಂದರೆ ಭದ್ರತೆ ಉಂಟು, ದುಡ್ಡು ಇಲ್ಲ. ಮುಗಿಯಿತು. ಆದರೆ ಅಧ್ಯಾಪಕರ ಕೆಲಸಕ್ಕೆ ಭದ್ರತೆ ಹುಟ್ಟಿನಿಂದ ಬಂದದ್ದಾ?

ಖಂಡಿತ ಅಲ್ಲ. ಖಾಸಗಿ ಶಾಲೆಯ ಅಧ್ಯಾಪಕ ಮೆನೇಜರನ ಕೃಪೆಯಲ್ಲಿ ಬದುಕುತ್ತಿದ್ದ ಕಾಲ ಇತ್ತು. ಸಿಕ್ಕಿದ್ದೇ ಸಂಬಳ, ಬೇಡವೆಂದ ದಿನ ಹೊರಗೆ. 1957ರಲ್ಲಿ ಆಗಿನ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ತಂದ ಕೇರಳ ಶಿಕ್ಷಣ ಮಸೂದೆ ಅನುದಾನಿತ ಶಾಲೆಯ ಅಧ್ಯಾಪಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡುವ, ಕಾರಣ ಕೊಡದೆ ಹೊರಹಾಕಲಾಗದ ವ್ಯವಸ್ಥೆಗೆ ದಾರಿ ಮಾಡಿತು. ಅದರ ಹಿಂದೆ ಅಧ್ಯಾಪಕ ಸಂಘಟನೆಗಳ ವರ್ಷಗಟ್ಟಲೆಯ ಹೋರಾಟ ಇತ್ತು. ಅದರ ವಿರುದ್ಧ ಎದ್ದ ಗದ್ದಲದಲ್ಲಿ 1959ರಲ್ಲಿ ಸರಕಾರವೇ ವಜಾ ಆಯಿತು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇಳದೆ ಕೇರಳಕ್ಕೆ ಸೇರಿಸಿದ ನೋವು ನಮಗೆ ಇಂದಿಗೂ ಉಂಟು. ಗಡಿ ಕೊಟ್ಟ ಗಾಯಗಳ ಲೆಕ್ಕ ಬೇರೆ. ಆದರೆ ಗಡಿಯ ಈಚೆ ಬಂದದ್ದರಿಂದ ನಮ್ಮ ಅಧ್ಯಾಪಕರಿಗೆ ಸಿಕ್ಕಿದ ಈ ಒಂದನ್ನು ಇಲ್ಲ ಎಂದರೆ ಅದು ಕೃತಘ್ನತೆ.

ಅಡಿಕೆಯ ಕತೆಯೂ ಇದೇ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ನೆಲ ಕಚ್ಚಿದಾಗ ಬೆಳೆಗಾರರು "ನಮ್ಮ ಹಣೆಬರಹ" ಎಂದು ಕೂತುಬಿಡಲಿಲ್ಲ. 1973ರಲ್ಲಿ ಕೇರಳ, ಕರ್ನಾಟಕ ಎರಡೂ ಕಡೆಯವರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆಯ ಅನಿಶ್ಚಿತತೆ ಮಾಯವಾಗಲಿಲ್ಲ, ಆದರೆ ವ್ಯಾಪಾರಿ ಹೇಳಿದ್ದೇ ದರ ಎಂಬುದು ನಿಂತಿತು. ಅದನ್ನು ಕಟ್ಟಿದವರ ಮೊಮ್ಮಕ್ಕಳೇ ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು "ಏನು ಮಾಡುವುದು, ಈ ಫೀಲ್ಡೇ ಹೀಗೆ" ಅನ್ನುತ್ತಾರೆ!

ಫೀಲ್ಡು ಹಾಗಿಲ್ಲ, ಹಾಗೆ ಮಾಡಿಟ್ಟಿದ್ದಾರೆ. ಕೆಲಸದ ನಿಯಮ, ಶಿಸ್ತುಕ್ರಮ, ವಜಾ ಹೇಗೆ ಎಂಬುದನ್ನೆಲ್ಲ ಬರೆದಿಟ್ಟು ಪಾಲಿಸಬೇಕೆಂದು ಹೇಳುವ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರಕಾರ 2014ರಲ್ಲಿ ಐ.ಟಿ. ಕಂಪೆನಿಗಳಿಗೆ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಅದನ್ನು ವಿಸ್ತರಿಸಿತು. 2024ರಲ್ಲಿ ಮತ್ತೆ ವಿಸ್ತರಿಸಿತು. ಬೇರೆ ಬೇರೆ ಪಕ್ಷ, ಬೇರೆ ಬೇರೆ ಮುಖ್ಯಮಂತ್ರಿ, ವಿನಾಯಿತಿ ಮಾತ್ರ ಒಂದೇ. 2025ರ ನವೆಂಬರಿನಲ್ಲಿ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದವು. ಕಾನೂನು ಯಾವುದೇ ಇರಲಿ, ಅದನ್ನು ಜಾರಿ ಮಾಡಿ ಎಂದು ಕೇಳುವ ಬಾಯಿ ಇಲ್ಲದಿದ್ದರೆ ಅದು ಕಪಾಟಿನ ಪುಸ್ತಕ.

ಬಾಯಿ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು. 2024ರ ಜುಲೈಯಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು ಹದಿನಾಲ್ಕು ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾವವೊಂದು ಕರ್ನಾಟಕದಲ್ಲಿ ಬಂತು. ಹದಿನಾಲ್ಕು! ಹತ್ತು ಗಂಟೆಯಲ್ಲಿ ಒಬ್ಬ ಮನುಷ್ಯ ಉಣ್ಣಬೇಕು, ಮೀಯಬೇಕು, ಮಲಗಬೇಕು, ಸಂಸಾರ ಮಾಡಬೇಕು. 2017ರಲ್ಲಿ ಹುಟ್ಟಿದ ಕರ್ನಾಟಕದ ಐ.ಟಿ. ನೌಕರರ ಸಂಘ ಬೀದಿಗಿಳಿಯಿತು, ಸಚಿವರ ಬಾಗಿಲು ತಟ್ಟಿತು. ಆ ಪ್ರಸ್ತಾವ ಕಾನೂನಾಗಲಿಲ್ಲ. ಲಕ್ಷಗಟ್ಟಲೆ ನೌಕರರಿರುವ ನಗರದಲ್ಲಿ ಒಂದು ಸಣ್ಣ ಸಂಘ ಇಷ್ಟು ಮಾಡಿತು. ಎಲ್ಲರೂ ಸೇರಿದರೆ ಎಷ್ಟಾದೀತು?

ಇನ್ನು ದೊಡ್ಡವರ ಮಾತು. ವಾರಕ್ಕೆ 70 ಗಂಟೆ ದುಡಿಯಿರಿ ಎಂದರು ಇನ್ಫೋಸಿಸ್ಸಿನ ನಾರಾಯಣ ಮೂರ್ತಿಯವರು, 2023ರಲ್ಲಿ. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರಾದ ಸುಬ್ರಹ್ಮಣ್ಯನ್ 90 ಗಂಟೆ ಎಂದರು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಮೂರ್ತಿಯವರು ಅಧ್ಯಾಪಕರ ಮಗ. ಅವರ ಶ್ರಮದ ಬಗ್ಗೆ ನಮಗೆ ಗೌರವ ಉಂಟು. ಆದರೆ ತನ್ನದೇ ಕಂಪೆನಿ ಕಟ್ಟುವವನು 70 ಗಂಟೆ ದುಡಿಯುವುದಕ್ಕೂ ಮೂರೂವರೆ ಲಕ್ಷಕ್ಕೆ ಸೇರಿದ ಹುಡುಗಿ 70 ಗಂಟೆ ದುಡಿಯುವುದಕ್ಕೂ ವ್ಯತ್ಯಾಸ ಇಲ್ಲವೇ? ತೋಟದ ಯಜಮಾನ ಬೆಳಗ್ಗೆ ಐದಕ್ಕೆ ಏಳುತ್ತಾನೆಂದು ಆಳಿಗೂ ಐದಕ್ಕೆ ಬಾ, ಎಂಟು ಗಂಟೆಯ ಕೂಲಿ ಮಾತ್ರ ಕೊಡುತ್ತೇನೆ ಎಂದರೆ ನಮ್ಮೂರಿನಲ್ಲಿ ಯಾವ ಆಳು ಬಂದಾನು? ಬರುವುದಿಲ್ಲ. ಏಕೆಂದರೆ ನಮ್ಮೂರಿನ ಆಳಿಗೆ ತನ್ನ ಗಂಟೆಯ ಬೆಲೆ ಗೊತ್ತು. ಇಂಜಿನಿಯರಿಗೆ ಗೊತ್ತಿಲ್ಲ!

ಒಬ್ಬನ ಸಂಜೆ ಹೋದರೆ ಹೋಗುವುದು ಅವನದು ಮಾತ್ರವಾ? ಗಡಿನಾಡಿನಲ್ಲಿ ಕನ್ನಡ ಇಲ್ಲಿಯವರೆಗೆ ಉಳಿದದ್ದು ಹೇಗೆ ಯೋಚಿಸಿ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಪಾಠ ಮಾಡಿದರು, ಬೇಸಾಯ ಮಾಡಿದರು, ಕವಿತೆ ಬರೆದರು, ಕಾಸರಗೋಡಿನ ವಿಲೀನಕ್ಕಾಗಿ ಊರೂರು ಸುತ್ತಿದರು. ಶಾಲೆಯ ಬೆಲ್ ಹೊಡೆದ ಮೇಲೂ ದಿನದಲ್ಲಿ ಏನೋ ಉಳಿದಿತ್ತು ಅವರಿಗೆ. ನಮ್ಮೂರಿನ ವಾಚನಾಲಯ, ಯಕ್ಷಗಾನ ಸಂಘ, ತಾಳಮದ್ದಲೆ, ಶಾಲಾ ವಾರ್ಷಿಕೋತ್ಸವ ಎಲ್ಲವನ್ನೂ ನಡೆಸಿದ್ದು ಸಂಜೆ ಬಿಡುವಿದ್ದ ಜನ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದದ್ದೂ ಊರಲ್ಲಿ ಉಳಿದವರೇ. ಹನ್ನೆರಡೂವರೆ ಗಂಟೆ ಮಾರಿದವನು ಯಾವ ಸಂಘದ ಸಭೆಗೆ ಬಂದಾನು? 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಬೆಂಗಳೂರಿನಲ್ಲಿದ್ದ ಮಕ್ಕಳು ಅಪ್ಪ ಅಮ್ಮನ ಮಾತ್ರೆ ತರಿಸಲಿಕ್ಕೆ ನಮ್ಮಂಥವರಿಗೇ ಫೋನು ಮಾಡಿದ್ದು. ಆಮೇಲೆ ಮನೆಯಿಂದಲೇ ಕೆಲಸ ಎಂದಾಗ ಹಲವರು ಊರಿಗೆ ಬಂದರು. ಕಂಗಿನ ತೋಟದ ಬದಿಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ಕೂತು ಅದೇ ಕೆಲಸ ಮಾಡಿದರು. ಕೆಲಸ ಕೆಟ್ಟಿತಾ? ಇಲ್ಲ. ಆದರೂ ಒಬ್ಬೊಬ್ಬರನ್ನಾಗಿ ಮರಳಿ ಕರೆಸಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಎಂಟು ವರ್ಷದ ಹುಡುಗಿ. ಅವಳು ಇಂಜಿನಿಯರ್ ಆಗಬೇಕೆಂದರೆ ಕನ್ನಡ ಶಾಲೆ ಬಿಡಬೇಕಾ? ಕೇರಳದ ಶಾಲೆಗಳಲ್ಲಿ ಐ.ಟಿ. ಶಿಕ್ಷಣ ಈ ಶತಮಾನದ ಆರಂಭದಲ್ಲೇ ಬಂತು. ಐ.ಸಿ.ಟಿ. ಪಠ್ಯಪುಸ್ತಕ ಕನ್ನಡದಲ್ಲೂ ಉಂಟು. ನಮ್ಮ ಹೈಸ್ಕೂಲು ಮಕ್ಕಳು ಪೈಥಾನ್ ಕಲಿತದ್ದು ಕನ್ನಡದಲ್ಲೇ. 2024ರಲ್ಲಿ ಏಳನೇ ತರಗತಿಯ ಪಠ್ಯದಲ್ಲಿ ಕೃತಕ ಬುದ್ಧಿಮತ್ತೆಯ ಪಾಠವೂ ಬಂತು. ಕನ್ನಡದಲ್ಲಿ ಹತ್ತನೆಯವರೆಗೆ ಓದಿ, ಇಲ್ಲೇ ಪೊವ್ವಲಿನ ಎಲ್.ಬಿ.ಎಸ್. ಕಾಲೇಜಿನಲ್ಲೋ ಗಡಿಯಾಚೆ ಮಂಗಳೂರಿನಲ್ಲೋ ಇಂಜಿನಿಯರಿಂಗ್ ಮುಗಿಸಿ ಹೋದವರು ನಮ್ಮ ಹಾಜರಿ ಪುಸ್ತಕದಲ್ಲಿ ಬೇಕಾದಷ್ಟಿದ್ದಾರೆ. ಆಚೆ ಮನೆಯ ಹನ್ನೆರಡು ಲಕ್ಷದವನೂ ಕನ್ನಡ ಮಾಧ್ಯಮದವನೇ! ಆ ತಂದೆಗೆ ಇದನ್ನು ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಾದರು. ಮಗಳ ಟಿ.ಸಿ.ಯ ಅರ್ಜಿ ಮಡಚಿ ಕಿಸೆಯಲ್ಲಿಟ್ಟುಕೊಂಡು "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಎದ್ದರು. ಆರನೇ ದಿನ ಹುಡುಗಿ ಬೆಂಚಿನಲ್ಲಿದ್ದಳು. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ಅದೇ ವಾರ ಬೇರೆ ಇಬ್ಬರು ಹೋದರು.

ಇದೆಲ್ಲ ನಿಮ್ಮ ಹುದ್ದೆ ಉಳಿಸಿಕೊಳ್ಳಲಿಕ್ಕೆ ಹೇಳುವುದು ಎಂದರೆ, ಹೌದು, ಅದೂ ಉಂಟು. ನಮ್ಮ ಹುದ್ದೆ ನಿಮ್ಮ ಮಕ್ಕಳ ತಲೆ ಎಣಿಕೆಯ ಮೇಲೆ ನಿಂತಿದೆ, ಮುಚ್ಚಿಡುವುದೇನು? ಆದರೆ ಆ ಹುದ್ದೆ ನಮ್ಮ ಜೊತೆ ನಿವೃತ್ತಿಯಾಗುವುದಿಲ್ಲ. ನಾಳೆ ಅದು ನಿಮ್ಮ ಮಗಳಿಗೆ ಸಿಗಬೇಕಾದ ಕೆಲಸ. ಗಡಿನಾಡಿನ ಕನ್ನಡಿಗರಿಗೆಂದೇ ಇರುವ ಸ್ವಲ್ಪ ಭದ್ರ ಕೆಲಸಗಳಲ್ಲಿ ಅದು ಒಂದು. ಬೆಂಗಳೂರಿನ ಅಭದ್ರ ಸಂಬಳದ ಆಸೆಗೆ ಶಾಲೆ ಖಾಲಿ ಮಾಡಿ, ಇಲ್ಲಿನ ಭದ್ರ ಹುದ್ದೆಯನ್ನು ನಾವೇ ಅಳಿಸಿ, ಆಮೇಲೆ "ಊರಲ್ಲಿ ಕೆಲಸವೇ ಇಲ್ಲ" ಎಂದರೆ ಹೇಗೆ?

ಕೊನೆಗೆ ನಮ್ಮ ಬೇಡಿಕೆ ಇಷ್ಟು. ಮಕ್ಕಳು ಬೆಂಗಳೂರಿಗೆ ಹೋಗಲಿ, ಹೈದರಾಬಾದಿಗೆ ಹೋಗಲಿ, ಬೇಡ ಎನ್ನುವುದಿಲ್ಲ. ಹೋಗುವ ಮೊದಲು ಕೆಲವನ್ನು ಕೇಳಿ ತಿಳಿಯಲಿ. ಇದರಲ್ಲಿ ಖಚಿತವಾಗಿ ತಿಂಗಳಿಗೆ ಬರುವುದೆಷ್ಟು? ದಿನದ ಗಂಟೆ ಎಷ್ಟು, ಕಾಗದದಲ್ಲಿ ಬರೆದದ್ದೆಷ್ಟು? ನೋಟೀಸ್ ಅವಧಿ ಎಷ್ಟು, ತೆಗೆಯುವುದಾದರೆ ಏನು ಕೊಡುತ್ತಾರೆ? ಕೆಲಸವಿಲ್ಲದೆ ಆರು ತಿಂಗಳು ಬದುಕುವಷ್ಟು ಉಳಿತಾಯ ಆಗುವ ಮೊದಲು ಮನೆ ಸಾಲ ಬೇಕಾ? ಅಲ್ಲಿ ನೌಕರರ ಸಂಘ ಉಂಟಾ, ಸೇರಲಿಕ್ಕೆ ಧೈರ್ಯ ಉಂಟಾ? ರಾಜೀನಾಮೆ ಬರೆ ಎಂದು ಒತ್ತಾಯ ಮಾಡಿದರೆ ಬರೆಯುವ ಮೊದಲು ಯಾರಲ್ಲಿ ಕೇಳಬೇಕೆಂದು ಗೊತ್ತುಂಟಾ?

ಪೋಷಕರಲ್ಲಿ ಒಂದೇ ಮಾತು. ಈ ಸಲ ಜಾತ್ರೆಗೆ ಬೆಂಗಳೂರಿನಿಂದ ಬಂದ ಹುಡುಗ ಸಿಕ್ಕಿದರೆ ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ. ದಿನಾ ಎಷ್ಟು ಗಂಟೆಗೆ ಮನೆಗೆ ಬರುತ್ತೀ ಮಗಾ ಅಂತ ಕೇಳಿ. ಅವನು ಏನು ಹೇಳುತ್ತಾನೋ ಕೇಳಿಸಿಕೊಂಡು, ಆಮೇಲೆ ಜೂನಿನಲ್ಲಿ ನಮ್ಮ ಹತ್ತಿರ ಟಿ.ಸಿ. ಕೇಳಲಿಕ್ಕೆ ಬನ್ನಿ. ಕೂರಿಸಿ ಚಹಾ ಕೊಡುತ್ತೇವೆ, ಲೆಕ್ಕ ಮಾಡೋಣ.